ಕೆಡಿಸಲು ಒಂದಿಷ್ಟು ಮರ

ಮರಗೆಲಸ ಕಲಿಯಲು ಹುಡುಗರು ಬರುತ್ತಿಲ್ಲ ಎಂಬ ದೂರು ಸಾಗರದ ಗುಡಿಗಾರರಲ್ಲೂ ಇದೆ, ಚನ್ನಪಟ್ಟಣದ ಗೊಂಬೆ ಕೆಲಸಗಾರರಲ್ಲೂ ಇದೆ. ಮೊಬೈಲು, ಬೆಂಗಳೂರಿನ ಆಸೆ, ತಾಳ್ಮೆ ಸಾಲದ ತಲೆಮಾರು ಎಂದು ಕಾರಣಗಳನ್ನು ನಾವೇ ಪಟ್ಟಿ ಮಾಡಿಬಿಟ್ಟಿದ್ದೇವೆ. ಅದಕ್ಕೂ ಮೊದಲು ಕೇಳಬೇಕಾದ ಲೆಕ್ಕದ ಪ್ರಶ್ನೆಯೊಂದಿದೆ: ಕಲಿಯುವವರು ಕೆಡಿಸುವ ಮರದ ದುಡ್ಡು ಯಾರು ಕೊಡಬೇಕು?

ಮರ ಕೆಡದೆ ಮರಗೆಲಸ ಬರುವುದಿಲ್ಲ. ಉಳಿ ನಾರಿನ ಗುಂಟ ಹೋದರೆ ಸಿಪ್ಪೆ ಸುರುಳಿಯಾಗಿ ಬರುತ್ತದೆ. ಎದುರು ಹೋದರೆ ಸಿಬಿರೆದ್ದು, ಆಗಷ್ಟೇ ಕೆತ್ತಿದ ಬಳ್ಳಿಯ ಎಲೆಯೇ ಕಿತ್ತುಬರುತ್ತದೆ. ನಾರು ಎಲ್ಲಿ ತಿರುಗಿತು ಎಂಬುದನ್ನು ಪಳಗಿದವರು ಕೊಡತಿಯ ಸದ್ದಿನಲ್ಲೇ ಹಿಡಿಯುತ್ತಾರೆ. ಬಾಯಲ್ಲಿ ಹೇಳಿಕೊಟ್ಟರೆ ಅದು ಬರದು. ಎಷ್ಟೋ ಹಲಗೆ ಹಾಳಾದ ಮೇಲೆ ತಾನಾಗಿ ಕೈಗೆ ಹತ್ತಬೇಕು.

ಚನ್ನಪಟ್ಟಣದ ಕಸುಬು ಅಷ್ಟೊಂದು ಕೈಗಳಿಗೆ ಹರಡಿದ್ದರಲ್ಲಿ ಆಲೆ ಮರದ ಪಾಲೂ ಇದೆ. ಬಿಳಿ ಬಣ್ಣದ, ಮೆದುವಾದ, ಹೆಚ್ಚು ಬೆಲೆಯಿಲ್ಲದ ಮರ ಅದು. ಲೇತ್‌ನಲ್ಲಿ ತಿರುಗುವ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ಕೇದಗೆ ಗರಿ ಹಿಡಿದರೆ ಹೊಳಪು. ಕೈ ಬಿಗಿಯಾದರೆ ಒಂದೆಡೆ ದಪ್ಪ, ಸಡಿಲಾದರೆ ಇನ್ನೊಂದೆಡೆ ಬೋಳು. ಕೆಟ್ಟರೆ ಬಣ್ಣ ಹೆರೆದು ಮತ್ತೆ ಹಚ್ಚಬಹುದು, ಬುಗುರಿಯಾಗದ್ದು ಮಣಿಯಾದೀತು. ಗುಡಿಗಾರರು ಕೆತ್ತುವ ಶ್ರೀಗಂಧದಲ್ಲಿ ಆ ಮಾತಿಲ್ಲ. ಕಿಲೋಗೆ ಸಾವಿರಾರು ರೂಪಾಯಿಯ ಕೊರಡನ್ನು ಹೊಸಬರ ಕೈಗೆ ಯಾವ ಗುರುವೂ ಕೊಡಲಾರ. ಶಿವನಿಯಂಥ ಮರದಲ್ಲಿ ಕೈ ಪಳಗಿದ ಮೇಲಷ್ಟೇ ಗಂಧದ ಸರದಿ.

ಹಿಂದೆ ಈ ನಷ್ಟ ಮನೆಯೊಳಗೇ ತೀರಿಹೋಗುತ್ತಿತ್ತು. ಕಲಿಯುವವನು ಮಗ, ಕಲಿಸುವವನು ಅಪ್ಪ, ಇಲ್ಲವೇ ದೊಡ್ಡಪ್ಪ. ಊಟಕ್ಕೆ ಲೆಕ್ಕವಿಲ್ಲ, ಕೆಟ್ಟ ಹಲಗೆ ಒಲೆಗೆ. ಆ ಏರ್ಪಾಟಿಗಾಗಿ ಹಲುಬಬೇಕಿಲ್ಲ, ಅದರ ಬಾಗಿಲು ಬೇರೆ ಜಾತಿಯವರಿಗೆ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ದೊಡ್ಡ ಕೆಲಸವಾದರೆ ಅರಮನೆ ಹೆಗಲು ಕೊಡುತ್ತಿತ್ತು. 1897ರ ಬೆಂಕಿಯ ನಂತರ ಮೈಸೂರು ಅರಮನೆಯನ್ನು ಮತ್ತೆ ಕಟ್ಟಿ ಮುಗಿಸಿದ್ದು 1912ಕ್ಕೆ. ಒಂದೇ ಕಡೆ ಅಷ್ಟು ವರ್ಷ ಕೆಲಸ ನಡೆದರೆ ಕೈ ಕೂಡಿಸಲು ಬಂದವರೂ ಕಸುಬುದಾರರಾಗಿ ಹೊರಬರಬಹುದು.

ಈಗ ಬಾಗಿಲು ತೆರೆದಿದೆ, ಖರ್ಚು ಹೊರುವವರಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯೂ ಇದ್ದಾನೆ, ಗೊಂಬೆ ಮಾಡುವವರೂ ಇದ್ದಾರೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಒಳ್ಳೆಯದೇ. ಆದರೆ ಮೂಲ ತರಬೇತಿ 5ರಿಂದ 7 ದಿನ, ಅದರ ಮುಂದಿನದು 15 ದಿನ. ಅದೂ ಈಗಾಗಲೇ ಕಸುಬು ಮಾಡುತ್ತಿರುವವರಿಗೆ. ಏನೂ ಬಾರದ ಹುಡುಗನನ್ನೋ ಹುಡುಗಿಯನ್ನೋ ವರ್ಷಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಮೇಸ್ತ್ರಿಯ ಲೆಕ್ಕ ಇದರಲ್ಲಿ ಬರುವುದಿಲ್ಲ. ಉಳಿ ಮಸೆಯುವುದನ್ನು ತೋರಿಸಿಕೊಡುವಷ್ಟು ಹೊತ್ತು ಅವನ ಕೆಲಸ ನಿಲ್ಲುತ್ತದೆ, ಒಪ್ಪಿಕೊಂಡ ಬಾಗಿಲು ತಡವಾಗುತ್ತದೆ, ಗಿರಾಕಿಯ ಫೋನು ಬರುತ್ತದೆ. ಹಾಗಾಗಿ ಹೊಸಬರಿಗೆ ಉಪ್ಪುಕಾಗದ ತಿಕ್ಕುವ, ಪಾಲಿಶ್ ಬಳಿಯುವ ಕೆಲಸವೇ ಗಟ್ಟಿ. ಎರಡು ವರ್ಷ ತಿಕ್ಕಿದವನಿಗೆ ಅದಕ್ಕಿಂತ ಹೆಚ್ಚಿನ ಕೂಲಿ ಡೆಲಿವರಿ ಬೈಕಿನಲ್ಲಿ ಕಂಡರೆ ಅದು ಅವನ ತಪ್ಪಲ್ಲ.

ಕಾರ್ಕಳದ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಸಂಸ್ಥೆ ಕಲ್ಲು, ಮರ, ಲೋಹದ ಕೆಲಸಗಳನ್ನು ವಸತಿಯೊಂದಿಗೆ ಕಲಿಸುತ್ತದೆ. ಬ್ಯಾಂಕೊಂದರ ಬೆಂಬಲ ಅದರ ಹಿಂದಿದೆ. ಅಂಥ ಸಂಸ್ಥೆ ಜಿಲ್ಲೆಗೊಂದು ಬರುವವರೆಗೆ ಕಾಯಬೇಕಿಲ್ಲ. ಹೊಸ ರಥ ಮಾಡಿಸುವ ದೇವಸ್ಥಾನ, ತೇಗದ ಬಾಗಿಲು ಕೂರಿಸುವ ಮನೆಯೊಡೆಯ, ಮೇಜು ಬೆಂಚು ಕೊಳ್ಳುವ ಶಾಲೆ, ಇವರೆಲ್ಲ ಇಷ್ಟು ಮಾಡಬಹುದು: ಅಂದಾಜುಪಟ್ಟಿಯಲ್ಲಿ ಮರ, ಕೂಲಿ, ಪಾಲಿಶ್ ಜೊತೆಗೆ ಕಲಿಯುವವರ ಬಾಬ್ತು ಎಂದು ಇನ್ನೊಂದು ಸಾಲು ಬರೆಸಿ. ಚೌಕಾಸಿಗೆ ಕೂತಾಗ ಆ ಸಾಲನ್ನು ಮಾತ್ರ ಮುಟ್ಟಬೇಡಿ.

– ಸಂಪಾದಕ