ನಾಲ್ಕು ಊರು, ನಾಲ್ಕು ಕವಡೆ

ಲೆಕ್ಕವೆಂದರೆ ಕೂಡುವುದು, ಕಳೆಯುವುದು, ಬಡ್ಡಿ ಕಟ್ಟುವುದು ಎಂದೇ ಬಹುಮಂದಿಯ ಭಾವನೆ. ಇರುವುದನ್ನು ಎಣಿಸುವ ಈ ಲೆಕ್ಕಕ್ಕೆ ಒಬ್ಬ ತಮ್ಮನುಂಟು. ಆಗಬಹುದಾದುದನ್ನು ಎಣಿಸುವುದು ಅವನ ಕಸುಬು. ಶಾಲೆಯ ಪುಸ್ತಕದಲ್ಲಿ ಅವನ ಹೆಸರು ಸಂಭವನೀಯತೆ. ಅವನನ್ನು ಕೈಹಿಡಿದು ನಡೆಸುವುದು ಗಣಗಳ ಗಣಿತ. ಇವೆರಡರ ಪರಿಚಯಕ್ಕೆ ದೂರದೇಶದ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ನೆರೆಯ ನಾಲ್ಕು ಊರುಗಳೇ ಸಾಕು.

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ ಹೊಸ ಜಿಲ್ಲೆಯೊಂದನ್ನು ರಚಿಸಲಾಯಿತು. ಈ ನಾಲ್ಕು ಊರುಗಳನ್ನು ಒಂದು ಗಣವೆಂದು ಕರೆಯಬಹುದು. ಯಾವುದು ಒಳಗೆ, ಯಾವುದು ಹೊರಗೆ ಎಂಬುದು ಸಂಶಯಕ್ಕೆಡೆಯಿಲ್ಲದೆ ಗೊತ್ತಾದರೆ ಅಂತಹ ಸಮೂಹವೇ ಗಣ. 'ಸುಂದರವಾದ ಊರುಗಳು' ಎಂದರೆ ಗಣವಾಗದು. ಅಲ್ಲಿ ಜಗಳಕ್ಕೆ ಆಸ್ಪದವುಂಟು.

ಇವುಗಳಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗದ ಮೇಲಿರುವ ಊರುಗಳು ರಾಮನಗರ ಮತ್ತು ಚನ್ನಪಟ್ಟಣ. ಅರ್ಕಾವತಿಯ ದಡದಲ್ಲಿರುವವು ರಾಮನಗರ ಮತ್ತು ಕನಕಪುರ. ರೈಲೂ ನದಿಯೂ ಎರಡೂ ಇರುವ ಊರು ರಾಮನಗರವೊಂದೇ. ಇದು ಆ ಎರಡು ಉಪಗಣಗಳ ಛೇದನ. ರೈಲಾದರೂ ಇರಲಿ, ಆ ನದಿಯಾದರೂ ಇರಲಿ ಎಂದರೆ ಮೂರು ಊರುಗಳು, ಇದು ಸಂಯೋಗ. ಎರಡೂ ಇಲ್ಲದೆ ಉಳಿದ ಮಾಗಡಿಯೇ ಪೂರಕ ಗಣ.

ಇಲ್ಲೊಂದು ಎಚ್ಚರ ಬೇಕು. ರೈಲಿನವು ಎರಡು, ನದಿಯವು ಎರಡು, ಒಟ್ಟು ನಾಲ್ಕು ಎಂದು ಕೂಡಿದರೆ ಲೆಕ್ಕ ತಪ್ಪುತ್ತದೆ. ರಾಮನಗರ ಎರಡು ಸಲ ಎಣಿಕೆಗೆ ಬಂದಿರುತ್ತದೆ. ಒಮ್ಮೆ ಅದನ್ನು ಕಳೆಯಬೇಕು. ಚನ್ನಪಟ್ಟಣದ ಅರಗುಬಣ್ಣದ ನಾಲ್ಕು ಸಮಾನ ಮಣಿಗಳ ಮೇಲೆ ನಾಲ್ಕು ಊರುಗಳ ಹೆಸರು ಬರೆದು, ಚೀಲಕ್ಕೆ ಹಾಕಿ, ಕಣ್ಣುಮುಚ್ಚಿ ಒಂದನ್ನು ತೆಗೆದರೆ ಅದು ರೈಲಿನ ಅಥವಾ ನದಿಯ ಊರಾಗಿರುವ ಸಂಭವನೀಯತೆ ನಾಲ್ಕರಲ್ಲಿ ಮೂರು. ಅನುಕೂಲವಾದ ಫಲಗಳನ್ನು, ಸಾಧ್ಯವಿರುವ ಎಲ್ಲ ಫಲಗಳಿಂದ ಭಾಗಿಸುವುದೇ ಇಲ್ಲಿಯ ಸೂತ್ರ.

ಈ ನಾಲ್ಕು ಊರುಗಳಿಂದ ಎಷ್ಟು ಬಗೆಯ ಉಪಗಣಗಳನ್ನು ಮಾಡಬಹುದು? ಪ್ರತಿಯೊಂದು ಊರಿಗೂ ಎರಡೇ ಗತಿ: ಸೇರುವುದು ಇಲ್ಲವೆ ಬಿಡುವುದು. ಎರಡನ್ನು ನಾಲ್ಕು ಸಲ ಗುಣಿಸಿದರೆ 16. ಒಂದೂ ಸೇರದ ಶೂನ್ಯಗಣವೂ ಇದರಲ್ಲಿ ಅಡಕ. ಇನ್ನು ಚೌಕಾಬಾರದ ಮಣೆಯ ಮುಂದೆ ಕುಳಿತವರ ಕೈಯ ನಾಲ್ಕು ಕವಡೆಗಳನ್ನು ನೋಡಿ. ಪ್ರತಿಯೊಂದು ಕವಡೆಗೂ ಎರಡೇ ಗತಿ: ಅಂಗಾತ ಇಲ್ಲವೆ ಬೋರಲು. ಆದುದರಿಂದ ಕವಡೆಗಳು ಬೀಳುವ ಬಗೆಗಳೂ 16. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಎರಡಕ್ಕೂ ಒಂದೊಂದೇ ಬಗೆ. ಒಂದರ ಗರಕ್ಕೆ ನಾಲ್ಕು ಬಗೆ, ಮೂರಕ್ಕೂ ನಾಲ್ಕು, ಎರಡಕ್ಕೆ ಆರು. ಎರಡರ ಗರ ಬೇಸರ ಬರುವಷ್ಟು ಸಲ ಬೀಳುವುದಕ್ಕೆ ಕಾರಣ ದುರದೃಷ್ಟವಲ್ಲ, ಈ ಆರು. ಎರಡೂ ಮಗ್ಗುಲಿಗೆ ಸಮನಾಗಿ ಬೀಳುವ ಕವಡೆಗಳಿಗೆ ಮಾತ್ರ ಈ ಲೆಕ್ಕ ಸರಿ. ಉಜ್ಜಿದ ಹುಣಸೆಬೀಜ ಒಂದೇ ಮಗ್ಗುಲಿಗೆ ವಾಲುವುದಾದರೆ ಆ ವಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು ಆರು ಎಂದು ಹೇಳುವ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ. ಜೂಜಿನ ಪಣ ಹಂಚುವ ಪ್ರಶ್ನೆಯನ್ನು ಹಿಡಿದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಿಂದ ಸಂಭವನೀಯತೆಯ ಶಾಸ್ತ್ರ ಬೆಳೆಯಿತು. 1933ರಲ್ಲಿ ರಷ್ಯದ ಕೊಲ್ಮೊಗೊರೊವ್, ಪ್ರತಿಯೊಂದು ಘಟನೆಯೂ ಒಂದು ಗಣವೇ ಎಂದು ಹಿಡಿದು ಅದಕ್ಕೆ ಭದ್ರವಾದ ಅಡಿಪಾಯ ಹಾಕಿದ.

ಇದು ಆಟದ ಮಾತಾಯಿತು. ಆದರೆ ಈ ಊರುಗಳ ಸುತ್ತಿನಲ್ಲಿ ಇದೇ ಲೆಕ್ಕದ ಮೇಲೆ ಎಷ್ಟೋ ಸಂಸಾರಗಳ ಅನ್ನ ನಿಂತಿದೆ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಹಿಂದೆ ನಾಲ್ಕು ವಾರಗಳ ಹಗಲಿರುಳಿನ ದುಡಿಮೆಯಿದೆ. ಹುಳುಗಳಿಗೆ ತಗಲುವ ಬೇನೆಗಳಲ್ಲಿ ಗಂಟುರೋಗ ಬಲು ಕ್ರೂರವಾದುದು. ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಕ್ಕೇ ಇಳಿದು ಬರುತ್ತದೆ. ಮೊಟ್ಟೆ ಕೊಂಡ ರೈತನ ಕಣ್ಣಿಗೆ ಅದು ಕಾಣದು. ಈ ರೋಗ ಫ್ರಾನ್ಸಿನ ರೇಷ್ಮೆ ಕಸುಬನ್ನು ಹಾಳುಗೆಡವಿದಾಗ, 1865ರಲ್ಲಿ ಲೂಯಿ ಪಾಸ್ಚರ್ ಅದರ ಶೋಧನೆಗೆ ತೊಡಗಿದ. ಒಂದೊಂದು ಚಿಟ್ಟೆಯೂ ಪ್ರತ್ಯೇಕವಾಗಿ ಮೊಟ್ಟೆಯಿಡುವಂತೆ ಮಾಡಿ, ಅನಂತರ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವುದು ಆತ ಸೂಚಿಸಿದ ಉಪಾಯ.

ಮೊಟ್ಟೆಗಳು ಲಕ್ಷಗಟ್ಟಲೆ ಸಿದ್ಧವಾಗುವೆಡೆಯಲ್ಲಿ ಪ್ರತಿಯೊಂದು ಚಿಟ್ಟೆಯನ್ನೂ ನೋಡುವುದು ಕಷ್ಟ. ಕೆಲವನ್ನು ಮಾದರಿಯಾಗಿ ಆರಿಸಿ ನೋಡುವ ಕ್ರಮವುಂಟು. ಎಷ್ಟನ್ನು ನೋಡಿದರೆ ಸಾಕು? ದೊಡ್ಡ ರಾಶಿಯೊಂದರಲ್ಲಿ ನೂರಕ್ಕೆ ಐದು ಚಿಟ್ಟೆಗಳಿಗೆ ರೋಗವಿದೆಯೆಂದು ಭಾವಿಸೋಣ. ಆರಿಸಿದ ಒಂದು ಚಿಟ್ಟೆ ಆರೋಗ್ಯವಾಗಿರುವ ಸಂಭವನೀಯತೆ ನೂರಕ್ಕೆ 95. ಇಪ್ಪತ್ತನ್ನು ನೋಡಿದರೆ, ಇಪ್ಪತ್ತೂ ಆರೋಗ್ಯವಾಗಿ ಕಾಣುವ ಸಂಭವನೀಯತೆಗೆ ಆ ಭಿನ್ನರಾಶಿಯನ್ನು ಇಪ್ಪತ್ತು ಸಲ ಗುಣಿಸಬೇಕು. ಉತ್ತರ ನೂರಕ್ಕೆ ಸುಮಾರು 36! ಎಂದರೆ, ರೋಗವಿರುವ ರಾಶಿಯೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಶುದ್ಧವೆಂದು ತೇರ್ಗಡೆಯಾದೀತು. ಅರವತ್ತನ್ನು ನೋಡಿದರೆ ಈ ಅಪಾಯ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ; ತೊಂಬತ್ತಕ್ಕೆ ನೂರಕ್ಕೆ ಒಂದರಷ್ಟಾಗುತ್ತದೆ. ಅದೂ ಚಿಟ್ಟೆಗಳನ್ನು ಒಂದೇ ಬುಟ್ಟಿಯಿಂದ ಬಾಚಿಕೊಳ್ಳದೆ, ರಾಶಿಯ ಎಲ್ಲ ಕಡೆಯಿಂದಲೂ ಪಕ್ಷಪಾತವಿಲ್ಲದೆ ಆರಿಸಿದ್ದರೆ ಮಾತ್ರ.

'ಕಾಣಲಿಲ್ಲ' ಎಂಬ ಮಾತಿಗೂ 'ಇಲ್ಲ' ಎಂಬ ಮಾತಿಗೂ ಇರುವ ಅಂತರ ಇದೇ. ಪರೀಕ್ಷಿಸಿದ ಬಿತ್ತನೆ ಎಂದು ಕೇಳಿದೊಡನೆ ನಿಶ್ಚಿಂತರಾಗುವುದು ಸಹಜ. ಆದರೆ ಎಷ್ಟನ್ನು ಪರೀಕ್ಷಿಸಿದರು, ಹೇಗೆ ಆರಿಸಿದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಆ ನಿಶ್ಚಿಂತೆಗೆ ಬೆಲೆ ಕಟ್ಟಲು ಸಾಧ್ಯ. ಔಷಧದ ಪರೀಕ್ಷೆಯಾಗಲಿ, ಕುಡಿಯುವ ನೀರಿನ ಪರೀಕ್ಷೆಯಾಗಲಿ, ಅಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಇವೇ ಎರಡು.