ಮನೆಮಗಳ ಹಾಗೆ!

ಮೊನ್ನೆ ಇಲ್ಲೇ ಖಾರಘರದಲ್ಲಿ ಊರ ಕಡೆಯವರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಮಾತು 'ಚೋಮನ ದುಡಿ'ಯತ್ತ ಹೊರಳಿತು. ಕಾರಂತರು 1933ರಲ್ಲೇ ಜೀತದಾಳಿನ ಕತೆ ಬರೆದರಲ್ಲ, 1975ರ ಸಿನಿಮಾದಲ್ಲಿ ವಾಸುದೇವ ರಾವ್ ಅಭಿನಯ ಎಂಥದ್ದು ಎಂದು ನಾವೆಲ್ಲ ಮರುಗುತ್ತಿದ್ದೆವು. ಹುಡುಗಿಯೊಬ್ಬಳು ನಮ್ಮ ತಟ್ಟೆ ಎತ್ತುತ್ತಿದ್ದಳು.

"ಊರಿಂದ ತಂದದ್ದು ಮಾರಾಯ್ರೆ. ಹದಿನಾರು ವರ್ಷ. ಅಪ್ಪನಿಗೆ ಅಡ್ವಾನ್ಸ್ ಕೊಟ್ಟಿದ್ದೇವೆ, ಅದು ತೀರುವವರೆಗೆ ಇಲ್ಲೇ. ಮನೆಮಗಳ ಹಾಗೆ ನೋಡ್ಕೊಳ್ತೇವೆ!"

'ತಂದದ್ದು'! ಅಕ್ಕಿ ತಂದ ಹಾಗೆ.

ಈ 'ಮನೆಮಗಳ ಹಾಗೆ' ಇಂದಿನ ಮಾತಲ್ಲ ಸ್ವಾಮಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆನೆಕಾ ತನ್ನ 47ನೇ ಪತ್ರದಲ್ಲಿ ಗುಲಾಮರೂ ಮನುಷ್ಯರೇ, ಅವರೊಂದಿಗೆ ಕೂತು ಉಣ್ಣಿ ಎಂದು ಬರೆದ. ಗುಲಾಮಗಿರಿಯನ್ನೇ ನಿಲ್ಲಿಸಿ ಎನ್ನಲಿಲ್ಲ. ಅವನಿಗಿಂತ ಹಿಂದಿನ ಪ್ಲೌಟಸನ ನಾಟಕಗಳಲ್ಲಿ ಗುಲಾಮನೇ ಜಾಣ, ಯಜಮಾನನೇ ಪೆದ್ದ. ಯಜಮಾನರೆಲ್ಲ ನೋಡಿ ನಕ್ಕರು, ಮನೆಗೆ ಹೋದಾಗ ಬಾಗಿಲು ತೆರೆದವನೂ ಗುಲಾಮನೇ. ಅವರು ನಕ್ಕರು, ನಾವು ಅಳುತ್ತೇವೆ, ಅಷ್ಟೇ ವ್ಯತ್ಯಾಸ.

ಚೋಮನ ಧಣಿ ಸಂಕಪ್ಪಯ್ಯ ಕೂಡ ಕಟುಕನಲ್ಲ. ಭೂಮಿ ಕೊಡಲು ಅವನಿಗೆ ಮನಸ್ಸಿತ್ತು. ತಾಯಿ ಒಪ್ಪಲಿಲ್ಲ, ಸುಮ್ಮನಾದ. ಚೋಮನಿಗೆ ಕೊನೆಗೂ ಸಿಕ್ಕಿದ್ದು ದುಡಿ ಮಾತ್ರ. ಧಣಿಯ ಒಳ್ಳೆಯತನ ಬೇರೆ, ಆಳಿನ ಬಿಡುಗಡೆ ಬೇರೆ. ಕಾರಂತರು ಹೇಳಿದ್ದನ್ನು ನಾವು ಓದಿದ್ದೇ ಇಲ್ಲವೇನೋ!

ನಾನು ಬಿ.ಕಾಂ. ಓದಿದವನು, ವಿಮರ್ಶಕನಲ್ಲ. ಆದರೆ ಸಾಲದ ಲೆಕ್ಕ ಗೊತ್ತು. ನಮ್ಮ ಬ್ಯಾಂಕಿನ ಸಾಲಗಾರ ಕಂತು ಕಟ್ಟಿದರೆ ಸಾಕು, ಎಲ್ಲಿ ಬೇಕಾದರೂ ದುಡಿಯಬಹುದು. ಅಪ್ಪನ ಸಾಲಕ್ಕೆ ಮಗಳು ಒಂದೇ ಮನೆಯಲ್ಲಿ ಕಟ್ಟುಬಿದ್ದರೆ ಅದಕ್ಕೆ ಜೀತವೆಂದೇ ಹೆಸರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂಥ ಸಾಲವನ್ನೇ ಅಳಿಸಿ ಹಾಕಿದೆ, ವಸೂಲಿಯ ಮಾತೇ ಇಲ್ಲ. ಹದಿನಾಲ್ಕರ ಕೆಳಗಿನವರನ್ನು ಮನೆಗೆಲಸಕ್ಕೆ ಇಡಬಾರದೆಂದು 2006ರಲ್ಲೇ ನಿಷೇಧ ಬಂತು. ಇವಳಿಗೆ ಹದಿನಾರು ಎನ್ನುತ್ತೀರಿ, ಇರಲಿ. ಜೀತದ ಕಾಯ್ದೆಗೆ ವಯಸ್ಸಿನ ಹಂಗಿಲ್ಲ.

"ಊರಲ್ಲಿದ್ದರೆ ಉಪವಾಸ, ಇಲ್ಲಿ ಸುಖವಾಗಿದ್ದಾಳೆ" ಎನ್ನುತ್ತೀರಾ? ಹಾಗಿದ್ದರೆ ಪೂರ್ತಿ ಸಂಬಳ ಅವಳ ಹೆಸರಿನ ಖಾತೆಗೆ ಹಾಕಿ, ಶಾಲೆಗೆ ಕಳಿಸಿ, ವಾರಕ್ಕೊಂದು ದಿನ ರಜೆ ಕೊಡಿ. ಮನೆಮಗಳಿಗೆ ಅಷ್ಟಾದರೂ ಮಾಡುವುದಿಲ್ಲವೇ?

ನಾನೂ ಸಾಚಾ ಅಲ್ಲ. 1990ರ ದಶಕದಲ್ಲಿ ನಮ್ಮ ಮನೆಯಲ್ಲೂ ಒಬ್ಬಳಿದ್ದಳು, ನನ್ನ ಮಗನನ್ನು ಎತ್ತಿ ಆಡಿಸಿದವಳು. ಮಗ ಇಂಜಿನಿಯರ್ ಆದ. ಅವಳು ಎಲ್ಲಿದ್ದಾಳೋ, ನಾನು ವಿಚಾರಿಸಿದವನೇ ಅಲ್ಲ.

ಒಂದೇ ಪ್ರಶ್ನೆ. ನಾಳೆ ಆ ಹುಡುಗಿ "ನಾನು ಊರಿಗೆ ಹೋಗ್ತೇನೆ" ಎಂದರೆ ನೀವು ಮೊದಲು ತೆಗೆಯುವುದು ರೈಲಿನ ಟಿಕೆಟ್ಟೋ, ಅಡ್ವಾನ್ಸಿನ ಲೆಕ್ಕವೋ?