ಗುಜರಿಯೊಳಗಿನ ಚಿನ್ನ, ಹಳ್ಳದೊಳಗಿನ ಸೀಸ

ಮುತ್ತತ್ತಿಯ ಹೆಸರಿನ ಹಿಂದಿರುವ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಕಾವೇರಿಯಲ್ಲಿ ಮೀಯುವಾಗ ಸೀತೆಯ ಮುತ್ತಿನ ಮೂಗುತಿ ನೀರಿಗೆ ಬಿತ್ತೆಂದೂ, ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ಅದನ್ನು ಎತ್ತಿ ತಂದನೆಂದೂ, ಮುತ್ತೆತ್ತಿದವನು ಮುತ್ತತ್ತಿರಾಯನಾಗಿ ದಡದಲ್ಲೇ ನೆಲೆಸಿದನೆಂದೂ ಹಿರಿಯರು ಹೇಳುತ್ತಾರೆ. ಕಳೆದುಹೋದ ಒಡವೆ ಹೊಳೆಯಿಂದ ಮರಳಿ ಬಂದ ಈ ಕಥೆಯಲ್ಲಿ ಒಡವೆಯೂ ದೊರೆಯಿತು, ಹೊಳೆಯೂ ಕೆಡಲಿಲ್ಲ. ಕಸದೊಳಗಿನ ಚಿನ್ನವನ್ನು ಹುಡುಕಹೊರಟಿರುವ ಇಂದಿನ ಕಾಲದಲ್ಲಿ ಈ ಎರಡನೆಯ ಮಾತು ಮರೆತುಹೋಗುತ್ತಿದೆ.

ಹಳೆಯ ಮೊಬೈಲು, ಕಂಪ್ಯೂಟರುಗಳ ಬೋರ್ಡುಗಳಲ್ಲಿ ಚಿನ್ನವಿದೆ ಎಂಬುದು ಸುಳ್ಳಲ್ಲ. ಬೋರ್ಡನ್ನು ಸುಟ್ಟು, ಆಮ್ಲದಲ್ಲಿ ಅದ್ದಿ, ತಳದಲ್ಲಿ ಹಳದಿ ಪುಡಿಯನ್ನು ತೋರಿಸುವ ದೃಶ್ಯಗಳು ಇಂದು ಎಲ್ಲರ ಕೈಯಲ್ಲಿರುವ ಮೊಬೈಲಿನಲ್ಲೇ ಹರಿದಾಡುತ್ತಿವೆ. ಮಳೆಯಾಶ್ರಿತ ರಾಗಿಯನ್ನೂ ಹುರುಳಿಯನ್ನೂ ನಂಬಿದ, ಆನೆ ಹಂದಿಗಳಿಗೆ ಬೆಳೆಯ ಪಾಲು ತೆತ್ತು ಉಳಿದದ್ದನ್ನು ಮನೆಗೆ ತರುವ ಗುಡ್ಡಗಾಡಿನ ಯುವಕನಿಗೆ ಅದನ್ನು ನೋಡಿ ಆಸೆ ಹುಟ್ಟಿದರೆ ಅವನನ್ನು ದೂಷಿಸುವಂತಿಲ್ಲ. ಆದರೆ ಆ ಆಸೆಯ ಲೆಕ್ಕವನ್ನು ಯಾರಾದರೂ ಅವನೆದುರು ಪೂರ್ತಿಯಾಗಿ ಬಿಡಿಸಿಡಬೇಕು.

ಕಸದಿಂದ ಚಿನ್ನ ತೆಗೆಯುವುದು ಕನ್ನಡ ನಾಡಿಗೆ ಹೊಸತಲ್ಲ. ಅದಕ್ಕೊಂದು ಹೆಸರೇ ಇತ್ತು: ಜಲಗಾರ. ಇಂದು ಬೀದಿ ಗುಡಿಸುವವನೆಂಬ ಅರ್ಥದಲ್ಲಿ ಉಳಿದಿರುವ ಈ ಪದಕ್ಕೆ, ಅಕ್ಕಸಾಲಿಗರ ಅಂಗಡಿಯ ಧೂಳನ್ನೂ ಹಳ್ಳದ ಮರಳನ್ನೂ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವವನೆಂಬ ಅರ್ಥವೂ ಇದೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲದ ನಂತರ ಜಲಗಾರರು ಮರಳು ತೊಳೆದು ಬದುಕಿದ್ದು ದಾಖಲೆಯಲ್ಲಿದೆ. ಮರಿಗೆ, ನೀರು ಮತ್ತು ತಾಳ್ಮೆ ಅವರ ಬಂಡವಾಳ. ಅವರ ಗಳಿಕೆ ಅಲ್ಪವಾಗಿತ್ತು.

ಮಳವಳ್ಳಿ ತಾಲ್ಲೂಕಿಗೂ ಚಿನ್ನಕ್ಕೂ ಇನ್ನೊಂದು ನಂಟಿದೆ. ಮುತ್ತತ್ತಿಯಿಂದ ಮೇಲಕ್ಕೆ, ಶಿವನಸಮುದ್ರದಲ್ಲಿ ಕಾವೇರಿಯನ್ನು ತಿರುಗಿಸಿ 1902ರಲ್ಲಿ ವಿದ್ಯುತ್ ಉತ್ಪಾದಿಸಿದ್ದು ಯಾರ ಮನೆಯ ದೀಪಕ್ಕೂ ಅಲ್ಲ. ಸುಮಾರು 92 ಮೈಲಿ ದೂರದ ಕೋಲಾರದ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗಳಿಗೆ ಅದೇ ವಿದ್ಯುತ್ತು ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಈ ನದಿಯ ಬಲದಿಂದ ನೆಲದಾಳದ ಬಂಡೆ ಮೇಲೆ ಬಂತು, ಪುಡಿಯಾಯಿತು, ಸಯನೈಡಿನಲ್ಲಿ ತೊಳೆಯಲ್ಪಟ್ಟಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಸಯನೈಡ್ ಗುಡ್ಡಗಳೆಂದು ಜನ ಕರೆಯುವ, ಗಾಳಿ ಎದ್ದಾಗ ಧೂಳಾಗಿ ಮನೆ ಹೊಲಗಳ ಮೇಲೆ ಬೀಳುವ ತ್ಯಾಜ್ಯದ ರಾಶಿಗಳು. ಆ ರಾಶಿಗಳಲ್ಲೂ ಒಂದಿಷ್ಟು ಚಿನ್ನ ಉಳಿದಿರುವುದರಿಂದ, ಅಂಥ 13 ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಚಿನ್ನ ಹೋದ ಮೇಲೂ ಅದನ್ನು ತೆಗೆದ ರಸಾಯನದ ಗುರುತು ತಲೆಮಾರುಗಟ್ಟಲೆ ಉಳಿಯುವುದನ್ನು ನೋಡಬೇಕಾದವರು ದೂರ ಹೋಗಬೇಕಾಗಿಲ್ಲ.

ಈಗ ಮೊಬೈಲಿನ ಲೆಕ್ಕ. ಬ್ಯಾಟರಿ ತೆಗೆದ ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಸುಮಾರು 300 ಗ್ರಾಂ ಚಿನ್ನವಿರುತ್ತದೆ. ಒಂದು ಟನ್ ಒಳ್ಳೆಯ ಅದಿರಿನಲ್ಲಿ ಸಿಗುವುದು ಐದಾರು ಗ್ರಾಂ. ಈ ಹೋಲಿಕೆಯೇ ಜನರನ್ನು ಮರುಳು ಮಾಡುವುದು. ಒಂದು ಟನ್ ಎಂದರೆ ಹತ್ತು ಸಾವಿರದಷ್ಟು ಮೊಬೈಲು ಎಂಬುದನ್ನು ಯಾರೂ ಹೇಳುವುದಿಲ್ಲ. ಒಂದು ಮೊಬೈಲಿಗೆ ಬರುವುದು ಗ್ರಾಮಿನ ನೂರರ ಮೂರು ಪಾಲು. ಇನ್ನೂರು ಮನೆಗಳ ಹಳ್ಳಿಯೊಂದರಲ್ಲಿ ಮನೆಗೆರಡರಂತೆ ಕೆಟ್ಟ ಮೊಬೈಲು ಕೂಡಿಸಿದರೂ, ಅದರ ಪೂರ್ತಿ ಚಿನ್ನ ಹನ್ನೆರಡು ಗ್ರಾಂ. ಟಿವಿ, ಮಿಕ್ಸಿ, ರೇಡಿಯೊಗಳ ಕಂದು ಬೋರ್ಡಿನಲ್ಲಂತೂ ಚಿನ್ನ ಹೆಸರಿಗೆ ಮಾತ್ರ; ಅಲ್ಲಿರುವುದು ಮುಖ್ಯವಾಗಿ ತಾಮ್ರ, ತವರ ಮತ್ತು ಸೀಸ.

ಆ ಹನ್ನೆರಡು ಗ್ರಾಂ ಕೈಗೆ ಬರುತ್ತದೆಯೇ? ಇದಕ್ಕೆ ನಮ್ಮ ರಾಜ್ಯದಲ್ಲೇ ಅಳೆದ ಉತ್ತರವಿದೆ. 2000ದ ದಶಕದ ನಡುವಿನಲ್ಲಿ ಬೆಂಗಳೂರಿನ ಗಲ್ಲಿಗಳಲ್ಲಿ ಆಮ್ಲ ಮತ್ತು ಸಯನೈಡ್ ಬಳಸಿ ಬೋರ್ಡುಗಳಿಂದ ಚಿನ್ನ ತೆಗೆಯುತ್ತಿದ್ದವರ ಕೆಲಸವನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಹಂತಹಂತವಾಗಿ ತೂಗಿ ನೋಡಿದರು. ಬೋರ್ಡಿನಲ್ಲಿದ್ದ ಚಿನ್ನದ ಕಾಲು ಭಾಗದಷ್ಟು ಮಾತ್ರ ಅವರಿಗೆ ದಕ್ಕುತ್ತಿತ್ತು. ದೊಡ್ಡ ಲೋಹಶುದ್ಧಿ ಕುಲುಮೆಗಳಲ್ಲಿ ಇದೇ ಪ್ರಮಾಣ ಶೇಕಡಾ 95. ಗಲ್ಲಿಯವರು ಕೈಚಳಕದಲ್ಲಿ ಹಿಂದುಳಿದವರಲ್ಲ. ಆದರೆ ಹೊಳೆಯುವ ತುದಿಗಳನ್ನು ಕತ್ತರಿಸಿ ಉಳಿದದ್ದನ್ನು ಎಸೆಯುವಾಗ, ಕಣ್ಣಿಗೆ ಕಾಣದ ತಂತುಗಳಲ್ಲಿಯೂ ಚಿಪ್ಪಿನೊಳಗೂ ಇರುವ ಚಿನ್ನ ಕಸದೊಂದಿಗೆ ಹೋಗುತ್ತದೆ. ಸಣ್ಣ ಕೆಪಾಸಿಟರುಗಳಲ್ಲಿರುವ ಪಲ್ಲಾಡಿಯಂ ಪೂರ್ತಿಯಾಗಿಯೇ ಹೋಗುತ್ತದೆ. ಅಂದರೆ ಹಳ್ಳಿಯ ಹನ್ನೆರಡು ಗ್ರಾಂ ಮೂರು ಗ್ರಾಮಿಗಿಳಿಯಿತು. ಅದರಿಂದ ಆಮ್ಲದ ಬೆಲೆ, ಸೌದೆಯ ಬೆಲೆ, ದಲ್ಲಾಳಿಯ ಪಾಲು, ಎದೆನೋವಿನ ಔಷಧಿಯ ಬೆಲೆ ಕಳೆಯಬೇಕು.

ಎದೆನೋವೆಂದದ್ದು ಅಲಂಕಾರಕ್ಕಲ್ಲ. ನೈಟ್ರಿಕ್ ಆಮ್ಲ ಲೋಹವನ್ನು ತಿನ್ನುವಾಗ ಏಳುವ ಕಂದು ಹೊಗೆ ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು ತರಿಸಿ ಸುಮ್ಮನಾಗುತ್ತದೆ. ಹಗಲು ಉಸಿರಿಗೆ ಹೋದದ್ದು ರಾತ್ರಿಯ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಚಿನ್ನವನ್ನೂ ಕರಗಿಸುವ ಆಮ್ಲಮಿಶ್ರಣವನ್ನು ನಮ್ಮ ಹೆಣ್ಣುಮಕ್ಕಳು ಬೇರೊಂದು ರೂಪದಲ್ಲಿ ಬಲ್ಲರು: ಒಡವೆ ತೊಳೆದುಕೊಡುತ್ತೇವೆಂದು ಬಾಗಿಲಿಗೆ ಬರುವ ಮೋಸಗಾರರ ಬಟ್ಟಲಲ್ಲಿರುವುದೂ ಅದೇ ಜಾತಿಯ ದ್ರವ. ಸರ ಹೊಳೆಯುತ್ತದೆ, ತೂಕ ಇಳಿಯುತ್ತದೆ.

ಮಣ್ಣಿನ ಮಾತು ಇನ್ನೂ ಗಂಭೀರ. ಗಂಧಕವೋ ಸಾರಜನಕವೋ ಕಾಲಾಂತರದಲ್ಲಿ ರೂಪ ಬದಲಿಸುತ್ತವೆ. ಸಯನೈಡ್ ಕೂಡ ಬಿಸಿಲಿಗೆ ಬಹಳಷ್ಟು ಒಡೆದುಹೋಗುತ್ತದೆ. ಸೀಸ ಒಡೆಯುವುದಿಲ್ಲ, ಏಕೆಂದರೆ ಅದು ಮೂಲಧಾತು. ಬೋರ್ಡು ಸುಟ್ಟ ಜಾಗದಲ್ಲಿ ಬೆಸುಗೆಯ ಸೀಸ ಮೇಲ್ಮಣ್ಣಿನ ಕೆಲವೇ ಅಂಗುಲಗಳಲ್ಲಿ ಅಂಟಿ ಕೂರುತ್ತದೆ. ಬೆಳೆ ಅದನ್ನು ಬೇರಿನಿಂದ ಹೀರುವುದು ಕಡಿಮೆಯೇ. ಆದರೆ ಧೂಳಾಗಿ ಸೊಪ್ಪಿನ ಎಲೆಗೂ, ಅಂಗಳದಲ್ಲಿ ಆಡುವ ಮಗುವಿನ ಬೆರಳಿಗೂ ಹತ್ತುತ್ತದೆ. ಕ್ಯಾಡ್ಮಿಯಂನ ಗುಣ ಬೇರೆ. ಹಳೆಯ ಬಗೆಯ ಬ್ಯಾಟರಿಗಳಲ್ಲಿಯೂ ವಿದ್ಯುತ್ ಸಂಪರ್ಕದ ಬಿಂದುಗಳಲ್ಲಿಯೂ ಇರುವ ಈ ಲೋಹವನ್ನು ಸಸ್ಯ ಬೇರಿನಿಂದಲೇ ಎಳೆದುಕೊಂಡು ಎಲೆಗೆ ಸಾಗಿಸುತ್ತದೆ. ದಂಟು, ಪಾಲಕ್ ಮುಂತಾದ ಸೊಪ್ಪುಗಳು ಕಾಳಿಗಿಂತ ಹೆಚ್ಚು ಕೂಡಿಡುತ್ತವೆ. ಭತ್ತವೂ ಸುಲಭವಾಗಿ ಹೀರುತ್ತದೆ. ಮಣ್ಣು ಹುಳಿಯಾದಷ್ಟೂ ಈ ಲೋಹಗಳು ನೀರಿನಲ್ಲಿ ಕರಗಿ ಚಲಿಸುತ್ತವೆ. ಲೋಹವನ್ನು ಸುರಿದ ಜಾಗಕ್ಕೇ ಉಳಿದ ಆಮ್ಲವನ್ನೂ ಸುರಿಯುವ ಈ ಕಸುಬು, ವಿಷವನ್ನು ಇಟ್ಟು ಅದಕ್ಕೆ ನಡೆಯಲು ಕಾಲನ್ನೂ ಕೊಟ್ಟಂತೆ. ಸುಣ್ಣ ಹಾಕಿದರೆ ಆ ನಡಿಗೆ ನಿಧಾನವಾಗುತ್ತದೆ. ಲೋಹ ಅಲ್ಲೇ ಇರುತ್ತದೆ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ತಾಮ್ರಕ್ಕಾಗಿ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಹುಲ್ಲಿನ ಮೇಲೆ ಕುಳಿತು, ಹಸುವಿನ ಮೂಲಕ ಹಾಲಿನ ಕೊಬ್ಬಿಗೆ ಬರುತ್ತದೆ.

ಬಯಲಿನ ಊರಿನಲ್ಲಿ ಇದು ಕೆಟ್ಟದ್ದು. ಇಳಿಜಾರಿನ ಊರಿನಲ್ಲಿ ಇನ್ನೂ ಕೆಟ್ಟದ್ದು, ಯಾಕೆಂದರೆ ಇಲ್ಲಿನ ಮೊದಲ ಜೋರುಮಳೆ ಮೇಲ್ಮಣ್ಣನ್ನು ಹಳ್ಳಕ್ಕೂ, ಹಳ್ಳ ಅದನ್ನು ಕಾವೇರಿಗೂ ಒಯ್ಯುತ್ತದೆ. ಮದ್ದೂರು ಪಟ್ಟಣದ ಪಕ್ಕ ಹರಿಯುವ ಶಿಂಷೆಯೂ ಮುತ್ತತ್ತಿಗಿಂತ ಮೇಲೆಯೇ ಕಾವೇರಿಯನ್ನು ಕೂಡುತ್ತದೆ. ಅಲ್ಲಿನ ಗುಜರಿ ಶೆಡ್ಡಿನ ತೊಳೆನೀರಿಗೆ ಮುತ್ತತ್ತಿ ದೂರವಲ್ಲ. ಈ ಭಾಗದ ನದಿ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಒಡಲು. ಕಾವೇರಿ ಕಣಿವೆಯನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಕೆಂಪುಪಟ್ಟಿ ಸೇರಿತು. ಮೀನಿಗೆ ಚಿನ್ನದಿಂದ ಅಪಾಯವಿಲ್ಲ. ಚಿನ್ನ ತೆಗೆಯುವಾಗ ಆಮ್ಲದಲ್ಲಿ ಕರಗಿ ಚರಂಡಿಗೆ ಹೋಗುವ ತಾಮ್ರ, ಮನುಷ್ಯನಿಗೆ ಏನೂ ಮಾಡದಷ್ಟು ಸಣ್ಣ ಪ್ರಮಾಣದಲ್ಲಿಯೂ ಮೀನಿನ ಕಿವಿರನ್ನು ಕೆಡಿಸುತ್ತದೆ.

ಮಕ್ಕಳ ಮೇಲಿನ ಪರಿಣಾಮಕ್ಕೆ ಚೀನಾದ ಗುಯಿಯು ಪಟ್ಟಣ ಸಾಕ್ಷಿ. ಜಗತ್ತಿನ ಹಳೆಯ ಕಂಪ್ಯೂಟರುಗಳನ್ನು ಮನೆಯಂಗಳದಲ್ಲಿ ಒಡೆದು ಸುಟ್ಟ ಆ ಊರಿನ ಎಳೆಯ ಮಕ್ಕಳ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ ಸರಾಸರಿ 15.3 ಮೈಕ್ರೋಗ್ರಾಂ ಸೀಸವಿತ್ತೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಕಸುಬಿಲ್ಲದ ನೆರೆಯ ಪಟ್ಟಣದಲ್ಲಿ ಅದು 9.94. ಸೀಸದ ವಿಷಯದಲ್ಲಿ ಮಗುವಿಗೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ಇಂದಿನ ತಿಳಿವು. ಅದು ಕುಗ್ಗಿಸುವುದು ಕಲಿಯುವ ಶಕ್ತಿಯನ್ನು.

ಹಾಗಾದರೆ ಈ ಚಿನ್ನವನ್ನು ಮಣ್ಣಿಗೆ ಬಿಡಬೇಕೆ? ಖಂಡಿತ ಬೇಡ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇಕಡಾ 22.3 ಮಾತ್ರ. ಹಳೆಯ ಬೋರ್ಡಿನಿಂದ ಬರುವ ಪ್ರತಿ ಗ್ರಾಂ ಚಿನ್ನ, ಯಾವುದೋ ಬೆಟ್ಟವನ್ನು ಅಗೆಯುವ ಅಗತ್ಯವನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ಬೆಟ್ಟದ ಮೇಲೆ ಬದುಕುವವರಿಗಿಂತ ಹೆಚ್ಚಾಗಿ ಇದನ್ನು ಬಯಸಬೇಕಾದವರು ಯಾರೂ ಇಲ್ಲ. ಮರುಬಳಕೆಗೆ ಬೆನ್ನು ತಿರುಗಿಸುವ ಪರಿಸರವಾದ ಗಣಿಗಾರಿಕೆಗೆ ಸಹಾಯ ಮಾಡಿದಂತಾಗುತ್ತದೆ. ಕೂಡಿಸುವ, ವಿಂಗಡಿಸುವ ಕೆಲಸ ಹಳ್ಳಿಯದಾಗಬೇಕು. ಕರಗಿಸುವ ಕೆಲಸ ಹೊಗೆಯನ್ನೂ ನೀರನ್ನೂ ಹಿಡಿದಿಡಬಲ್ಲ ಕಾರ್ಖಾನೆಯದು. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ದೇಶದ ಮೊದಲ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಮರುಬಳಕೆ ಘಟಕವೆಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಕಾನೂನು ಎಲ್ಲಿ ನಿಂತಿದೆ? ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು 2012ರ ಮೇ ತಿಂಗಳಿನಿಂದ ಜಾರಿಗೆ ಬಂದವು. ಈಗಿರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಇವುಗಳ ಪ್ರಕಾರ ತಯಾರಕರು ಮರುಬಳಕೆಯ ಪ್ರಮಾಣಪತ್ರಗಳನ್ನು ಕೊಳ್ಳಬೇಕು. ಆ ಪತ್ರಗಳ ಲೆಕ್ಕ ನಡೆಯುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಗಳ ಮೇಲೆ. ಬೆಲೆಯುಳ್ಳದ್ದಕ್ಕೆ ಪತ್ರವುಂಟು, ವಿಷವುಳ್ಳ ಸೀಸಕ್ಕೆ ಇಲ್ಲ. ಸಂಗ್ರಹಣಾ ಕೇಂದ್ರಗಳಿಗೂ ಬಿಡಿಭಾಗ ಬಿಚ್ಚುವವರಿಗೂ ಹಿಂದಿನ ನಿಯಮಗಳಲ್ಲಿದ್ದ ಪ್ರತ್ಯೇಕ ಸ್ಥಾನವನ್ನೂ ಈ ನಿಯಮಗಳು ತೆಗೆದುಹಾಕಿವೆ. ಸೈಕಲ್ಲಿನಲ್ಲಿ ಹಳ್ಳಿ ಸುತ್ತುವ ಗುಜರಿಯವನು, ನಿಜವಾಗಿ ಈ ಸರಪಳಿಯ ಮೊದಲ ಕೊಂಡಿ, ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಅವನನ್ನು ಅಪರಾಧಿಯೆಂದು ಓಡಿಸುವುದು ಸುಲಭ. ಅವನು ಬೋರ್ಡನ್ನು ಇಡಿಯಾಗಿ ಮಾರಿದರೆ ಸುಟ್ಟು ಗಳಿಸುವುದಕ್ಕಿಂತ ಹೆಚ್ಚು ದೊರೆಯುವಂತೆ ಮಾಡುವುದೇ ನಿಜವಾದ ಕೆಲಸ.

ಗುಜರಿಯ ಬೆಲೆ ತಿಳಿಯದೆ ಮೋಸಹೋಗುವ ಮಾತು ಬಂದಾಗ ಜರಿ ಸೀರೆಯನ್ನೂ ನೆನೆಯಬೇಕು. ಸ್ಟೀಲ್ ಪಾತ್ರೆಗೆ ಹಳೆಯ ರೇಷ್ಮೆ ಸೀರೆ ಕೊಡುವ ವಾಡಿಕೆ ನಮ್ಮಲ್ಲಿದೆ. ಸರ್ಕಾರಿ ಸ್ವಾಮ್ಯದ ಕಾರ್ಖಾನೆಯ ಅಸಲಿ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, 0.65 ಚಿನ್ನ ಇರುತ್ತದೆ. ನೂರು ಗ್ರಾಂ ಜರಿಗೆ 65 ಗ್ರಾಂ ಬೆಳ್ಳಿ! ಎಲ್ಲ ಸೀರೆಯ ಜರಿಯೂ ಅಸಲಿಯಲ್ಲ, ಈಗಿನವು ಬಹುಪಾಲು ನಕಲಿ. ಆದರೆ ಅಜ್ಜಿಯ ಪೆಟ್ಟಿಗೆಯ ಸೀರೆಯನ್ನು ಪಾತ್ರೆಗೆ ಕೊಡುವ ಮೊದಲು ಮಳವಳ್ಳಿಯಲ್ಲೋ ಮದ್ದೂರಿನಲ್ಲೋ ಅಕ್ಕಸಾಲಿಗರಿಗೆ ಒಮ್ಮೆ ತೋರಿಸಲು ಖರ್ಚೇನೂ ಇಲ್ಲ. ಹಾಗೆಯೇ, ಗುಜರಿ ಚಿನ್ನದಲ್ಲಿ ಹಣ ಹೂಡಿದರೆ ತಿಂಗಳಿಗಿಷ್ಟು ಲಾಭವೆಂದು ಸ್ವಸಹಾಯ ಸಂಘದ ಉಳಿತಾಯಕ್ಕೆ ಕೈಚಾಚುವವರು ಬಂದರೆ, ಮೇಲಿನ ಹನ್ನೆರಡು ಗ್ರಾಂ ಮತ್ತು ಮೂರು ಗ್ರಾಮಿನ ಲೆಕ್ಕವನ್ನು ಅವರ ಮುಂದಿಡಬೇಕು.

ಬೇರೆ ಕಸದೊಂದಿಗೆ ಬೆರೆತ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆ ಸ್ಥಳೀಯ ಸಂಸ್ಥೆಗಳ ಮೇಲಿದೆ. ಗ್ರಾಮ ಪಂಚಾಯಿತಿಗಳಲ್ಲಿ ಒಣಕಸಕ್ಕಾಗಿ ಸ್ವಚ್ಛ ಸಂಕೀರ್ಣಗಳು ಎದ್ದಿವೆ. ಅಂಥ ಕಟ್ಟಡದಲ್ಲಿ ಬೀಗವಿರುವ ಒಂದು ಮೂಲೆ, ಒಂದು ತಕ್ಕಡಿ, ಒಂದು ಪುಸ್ತಕ ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಒಂದು ಹಳ್ಳಿಯ ಸರಕಿಗೆ ಲಾರಿ ಬರುವುದಿಲ್ಲ. ಹತ್ತು ಪಂಚಾಯಿತಿಗಳು ಕೂಡಿ ವರ್ಷಕ್ಕೆರಡು ಬಾರಿ ಕಳಿಸಿದರೆ ಬರುತ್ತದೆ. ಶಾಲೆಯ ಮಕ್ಕಳಿಂದ ಮೊಬೈಲು ತರಿಸುವುದು ಆಗಬಹುದು, ಬಿಚ್ಚಿಸುವುದು ಕೂಡದು. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಬೇಕೆಂದು ಲಿಖಿತವಾಗಿ ಕೇಳಿ, ಮನವಿಗೆ ಸ್ವೀಕೃತಿ ಪಡೆಯಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಪಾಲಿಸಬೇಕಾದ ಎರಡು ಎಚ್ಚರಿಕೆಗಳು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚದೆ, ಒಲೆಗೆ ಹಾಕದೆ, ಒಣ ಮರಳು ತುಂಬಿದ ಮಣ್ಣಿನ ಪಾತ್ರೆಯಲ್ಲಿ ಮನೆಯ ಹೊರಗೆ ಇಡಬೇಕು. ಹಳೆಯ ಡಬ್ಬಿ ಟಿವಿಯ ಗಾಜಿನಲ್ಲಿ ಕಿಲೋಗಟ್ಟಲೆ ಸೀಸವಿರುವುದರಿಂದ, ತಾಮ್ರದ ಸುರುಳಿಗಾಗಿ ಅದನ್ನು ಒಡೆಯಬಾರದು. ಒಡೆದ ಚೂರು ಹಿತ್ತಿಲಲ್ಲಿ ಈಗಾಗಲೇ ಬಿದ್ದಿದ್ದರೆ, ಕೈಗೆ ಬಟ್ಟೆ ಸುತ್ತಿ ಆರಿಸಿ, ಚೀಲದಲ್ಲಿ ಕಟ್ಟಿ, ಮಳೆ ಬೀಳದ ಕಡೆ ಎತ್ತಿಡಬೇಕು.